ಗಡಸು ನೀರಿನ ಊರಿನಲ್ಲಿ ನೀರು–ಮೆಥನಾಲ್ ನಾಜಲ್‌ಗಳ ನಿರ್ವಹಣೆ

ಎರಡು ವರ್ಷಗಳ ಹಿಂದೆ ಕೋಲಾರದ ಟಮಕದ ಬಳಿಯಿರುವ ನನ್ನ ಶೆಡ್ಡಿಗೆ ಸೂಪರ್‌ಚಾರ್ಜರ್ (ಇಂಜಿನ್ನಿಗೆ ಹೆಚ್ಚು ಗಾಳಿಯನ್ನು ಒತ್ತಿ ತುಂಬುವ ಯಂತ್ರ) ಅಳವಡಿಸಿದ್ದ ಹಳೆಯ ಪೆಟ್ರೋಲ್ ಸೆಡಾನ್ ಒಂದು ಬಂದಿತ್ತು. ಆ ಗಾಳಿಯನ್ನು ತಣಿಸಲು ನೀರು ಮತ್ತು ಮೆಥನಾಲ್ (ಒಂದು ಬಗೆಯ ವಿಷಕಾರಿ ಆಲ್ಕೊಹಾಲ್) ಬೆರೆಸಿದ ದ್ರವವನ್ನು ಟ್ಯಾಂಕಿನಿಂದ ಪಂಪ್ ಮಾಡಿ ನಾಜಲ್ ಮೂಲಕ ಸಿಂಪಡಿಸುವ ಏರ್ಪಾಡು ಅದರಲ್ಲಿತ್ತು. ಅದರ ಯಜಮಾನರು ಶ್ರೀಪೆರಂಬದೂರಿನ ಬಳಿಯ ರೇಸ್ ಟ್ರ್ಯಾಕ್‌ಗೆ ವರ್ಷಕ್ಕೆ ಮೂರು ನಾಲ್ಕು ಸಲ ಹೋಗಿಬರುವವರು. ಪೂರ್ತಿ ಬೂಸ್ಟ್ (ಸೂಪರ್‌ಚಾರ್ಜರ್ ಕೊಡುವ ಹೆಚ್ಚಿನ ಒತ್ತಡ) ಬಂದಾಗ ಇಂಜಿನ್ನಿನಲ್ಲಿ ನಾಕಿಂಗ್ ಸದ್ದು, ಅಂದರೆ ಸಿಲಿಂಡರಿನಲ್ಲಿ ಇಂಧನ ತಾನಾಗಿ ಸಿಡಿಯುವ ಸದ್ದು, ಕೇಳುತ್ತಿದೆ ಎಂಬುದು ಅವರ ದೂರಾಗಿತ್ತು. ಪಂಪ್ ಓಡುತ್ತಿತ್ತು, ಹಸಿರು ದೀಪ ಹತ್ತುತ್ತಿತ್ತು, ಟ್ಯಾಂಕಿನಲ್ಲಿ ದ್ರವವೂ ಇತ್ತು. ಮಾತಿನ ನಡುವೆ ಅವರು, ಈಚೆಗೆ ಒಂದು ಟ್ಯಾಂಕ್ ದ್ರವ ಮೊದಲಿಗಿಂತ ಹೆಚ್ಚು ದಿನ ಬರುತ್ತಿದೆ ಎಂದು ಸಂತೋಷದಿಂದಲೇ ಹೇಳಿದರು. ರೋಗದ ಗುರುತು ಆ ಮಾತಿನಲ್ಲೇ ಇತ್ತು. ನಾಜಲ್ಲನ್ನು ಬಿಚ್ಚಿ ಅಂಗೈಯಲ್ಲಿಟ್ಟುಕೊಂಡು ನೋಡಿದಾಗ, ತುದಿಯ ರಂಧ್ರದ ಸುತ್ತ ಗೀಸರ್ ಕಾಯಿಲಿನ ಮೇಲೆ ಕಟ್ಟುವಂಥದೇ ಬಿಳಿಯ ಪೊರೆ ಉಂಗುರದ ಹಾಗೆ ಕಟ್ಟಿತ್ತು. ನಿಮಿಷಕ್ಕೆ 225 ಮಿ.ಲೀ. ಸಿಂಪಡಿಸಬೇಕಾಗಿದ್ದ ನಾಜಲ್ 150 ಮಿ.ಲೀ. ಮಾತ್ರ ಕೊಡುತ್ತಿತ್ತು. ರಸ್ತೆ ಬದಿಯ ಶುದ್ಧ ನೀರಿನ ಘಟಕದ ನೀರು ಸಾಕೆಂದು ಅವರಿಗೆ ಹೇಳಿದ್ದವನು ನಾನೇ. ಆ ಸಲಹೆಯನ್ನು ಅಂದಿನಿಂದ ಯಾರಿಗೂ ಕೊಟ್ಟಿಲ್ಲ.

ಅಂದಿನಿಂದ ನಾನು ಪಾಲಿಸುತ್ತಿರುವ ಕ್ರಮವನ್ನು ಇಲ್ಲಿ ಬರೆಯುತ್ತಿದ್ದೇನೆ. ಅದರಲ್ಲಿ ಮುಖ್ಯವಾದ ಅಂಶಗಳು ಎರಡೇ: ಟ್ಯಾಂಕಿಗೆ ಯಾವ ನೀರು ಹೋಗುತ್ತದೆ ಎಂಬುದನ್ನು ಗಟ್ಟಿಯಾಗಿ ಹಿಡಿಯಬೇಕು ಮತ್ತು ನಾಜಲ್ಲನ್ನು ಕಣ್ಣಂದಾಜಿನಿಂದ ನಂಬದೆ ಅಳೆದು ನೋಡಬೇಕು.

ನಾಜಲ್ ಕಟ್ಟಿದರೆ ಏನಾಗುತ್ತದೆ

ಸೂಪರ್‌ಚಾರ್ಜರ್ ಗಾಳಿಯನ್ನು ಒತ್ತುವುದರ ಜೊತೆಗೆ ಅದನ್ನು ಬಿಸಿಯನ್ನೂ ಮಾಡುತ್ತದೆ. ಹೊರಗೆ 35 ಡಿಗ್ರಿ ಸೆಲ್ಸಿಯಸ್ ಇರುವ ಮಧ್ಯಾಹ್ನ, 0.6 ಬಾರ್ ಬೂಸ್ಟ್ ಕೊಡುವ ರೂಟ್ಸ್ ಮಾದರಿಯ ಬ್ಲೋವರಿನಿಂದ (ಇದೂ ಒಂದು ಬಗೆಯ ಸೂಪರ್‌ಚಾರ್ಜರ್) ಹೊರಬೀಳುವ ಗಾಳಿ 100 ಡಿಗ್ರಿ ದಾಟುವುದು ಅಪರೂಪವೇನಲ್ಲ. ಒಂದು ಕೆ.ಜಿ. ನೀರು ಆವಿಯಾಗಲು ಸುಮಾರು 2,257 ಕಿಲೋಜೂಲ್ ಶಾಖವನ್ನು ಹೀರುತ್ತದೆ, ಮೆಥನಾಲ್ ಸುಮಾರು 1,100 ಕಿಲೋಜೂಲ್ ಹೀರುತ್ತದೆ. ಆ ಶಾಖವೆಲ್ಲ ಗಾಳಿಯಿಂದಲೇ ಹೋಗಬೇಕಾದ್ದರಿಂದ ಗಾಳಿ ತಣಿಯುತ್ತದೆ. ಮೆಥನಾಲ್ ನೀರಿಗಿಂತ ಬೇಗ ಆವಿಯಾಗುತ್ತದೆ, ಮೇಲಾಗಿ ಸಿಲಿಂಡರಿನೊಳಗೆ ಇಂಧನವಾಗಿ ಉರಿಯುತ್ತದೆ. ಈ ಉಪಾಯ ಹೊಸದೇನಲ್ಲ. ಎರಡನೇ ಮಹಾಯುದ್ಧದ ಜರ್ಮನ್ ಯುದ್ಧವಿಮಾನಗಳಲ್ಲಿ ಎಂಡಬ್ಲ್ಯು 50 ಎಂಬ ಹೆಸರಿನಲ್ಲಿ ನೀರು ಮತ್ತು ಮೆಥನಾಲನ್ನು ಹೆಚ್ಚುಕಡಿಮೆ ಸಮಪಾಲಿನಲ್ಲಿ ಬೆರೆಸಿ ಬಳಸುತ್ತಿದ್ದರು. 1962ರಲ್ಲಿ ಅಮೆರಿಕದಲ್ಲಿ ಬಂದ ಓಲ್ಡ್ಸ್‌ಮೊಬೈಲ್ ಜೆಟ್‌ಫೈರ್ ಎಂಬ ಟರ್ಬೊ ಕಾರಿನಲ್ಲಿ ಇಂತಹ ದ್ರವದ ಟ್ಯಾಂಕ್ ಕಾರ್ಖಾನೆಯಿಂದಲೇ ಬರುತ್ತಿತ್ತು, ದ್ರವ ಮುಗಿದರೆ ಬೂಸ್ಟನ್ನು ತಗ್ಗಿಸುವ ಏರ್ಪಾಡೂ ಅದರಲ್ಲಿತ್ತು.

ಆದರೆ ದ್ರವ ಮುಗಿಯುವುದು ಬೇರೆ, ನಾಜಲ್ ಕಟ್ಟುವುದು ಬೇರೆ. ಟ್ಯಾಂಕ್ ಖಾಲಿಯಾದರೆ ಮಟ್ಟ ತೋರಿಸುವ ಸ್ವಿಚ್ ದೀಪ ಹತ್ತಿಸುತ್ತದೆ. ನಾಜಲ್ ಅರ್ಧ ಮುಚ್ಚಿದರೆ ಆ ಸ್ವಿಚ್ಚಿಗೆ ಅದು ತಿಳಿಯುವುದೇ ಇಲ್ಲ. ಇಂಜಿನ್ನಿನ ಇಗ್ನಿಷನ್ ಟೈಮಿಂಗನ್ನು (ಕಿಡಿ ಹಾರುವ ಸಮಯವನ್ನು) ಪೂರ್ಣ ಸಿಂಪಡಣೆ ಇದೆ ಎಂಬ ನಂಬಿಕೆಯ ಮೇಲೆ ಮುಂದಕ್ಕೆ ಸರಿಸಿರುತ್ತಾರೆ. ಸಿಂಪಡಣೆ ಕುಗ್ಗಿದರೆ ಗಾಳಿಯ ತಾಪ ಏರಿ, ನಾಕಿಂಗ್ ಶುರುವಾಗಿ, ಪಿಸ್ಟನ್ನಿನಲ್ಲಿ ರಿಂಗುಗಳ ನಡುವಿನ ಅಂಚು ಮುರಿಯುವ ತನಕ ಹೋಗಬಹುದು. ಒಂದು ಸಣ್ಣ ಹಿತ್ತಾಳೆ ತುಂಡಿನ ಅಸಡ್ಡೆಗೆ ಇಡೀ ಇಂಜಿನ್ ಬಿಚ್ಚಬೇಕಾಗುತ್ತದೆ.

ಸಾಮಾನ್ಯ ನಾಜಲ್ಲಿನೊಳಗೆ ಮೂರು ಭಾಗಗಳಿರುತ್ತವೆ. ಮೊದಲು ಸಣ್ಣ ಜಾಲರಿ, ಅದರ ಹಿಂದೆ ದ್ರವವನ್ನು ಗಿರಗಿರನೆ ಸುತ್ತಿಸುವ ಓರೆ ಗೀರುಗಳ ಪುಟ್ಟ ತುಂಡು, ಕೊನೆಗೆ ರಂಧ್ರವಿರುವ ತುದಿ. ಸಣ್ಣ ಅಳತೆಯ ನಾಜಲ್‌ಗಳಲ್ಲಿ ಆ ರಂಧ್ರ ಅರ್ಧ ಮಿಲಿಮೀಟರಿಗೂ ಕಡಿಮೆ. ಕೆಲಸದ ಮೇಜಿನ ಮೇಲೆ ಇದನ್ನು ಬಿಚ್ಚಿಟ್ಟಿದ್ದಾಗ ಟೊಮೆಟೊ ಬೆಳೆಯುವ ಪಕ್ಕದ ತೋಟದವರು ನೋಡಿ, "ಇದು ನಾವು ಔಷಧಿ ಹೊಡೆಯೋ ನಾಜಲ್ ಥರಾನೇ ಐತಲ್ಲಣ್ಣ" ಎಂದರು. ಅವರ ಮಾತು ನಿಜ, ರಚನೆ ಒಂದೇ. ಹಾಗೆಂದು ಔಷಧಿ ಅಂಗಡಿಯ ನಾಜಲ್ಲನ್ನು ತಂದು ಇಲ್ಲಿ ಕೂರಿಸಬಾರದು. ಅಳತೆ, ಒತ್ತಡ ಮತ್ತು ಹನಿಯ ಗಾತ್ರ ಮೂರೂ ಬೇರೆಯಾಗಿರುತ್ತವೆ, ಪ್ಲಾಸ್ಟಿಕ್ ನಾಜಲ್ ಆದರೆ ಇಂಜಿನ್ನಿನ ಶಾಖಕ್ಕೆ ತಡೆಯುವ ಭರವಸೆಯೂ ಇಲ್ಲ.

ನೀರಿನ ವಿಚಾರ

ನಮ್ಮ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ಸಾವಿರ ಅಡಿ ದಾಟಿದ ಕೊಳವೆಬಾವಿಗಳಿಂದ ಬರುವ ನೀರು ಗಡಸು, ಅನೇಕ ಕಡೆ ಫ್ಲೋರೈಡ್ ಕೂಡ ಹೆಚ್ಚು. ಹನಿ ನೀರಾವರಿ ಮಾಡುವ ರೈತರಿಗೆ ಇದರ ಪರಿಣಾಮವನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಲ್ಯಾಟರಲ್ ಪೈಪಿನ ತುದಿ ಬಿಚ್ಚಿ ನೀರು ಬಿಡದಿದ್ದರೆ, ಕಾಲಕಾಲಕ್ಕೆ ಆಸಿಡ್ ಹಾಯಿಸದಿದ್ದರೆ, ಡ್ರಿಪ್ಪರುಗಳು ಒಂದೊಂದಾಗಿ ಮುಚ್ಚಿಕೊಳ್ಳುತ್ತವೆ. ಕಾರಿನ ನಾಜಲ್ಲಿನಲ್ಲಿ ಆಗುವುದೂ ಅದೇ, ಇಲ್ಲಿ ಇನ್ನೂ ಬೇಗ ಆಗುತ್ತದೆ. ಇಂಜಿನ್ ನಿಲ್ಲಿಸಿದ ಮೇಲೆ ಬಾನೆಟ್ಟಿನೊಳಗಿನ ಶಾಖಕ್ಕೆ ನಾಜಲ್ಲಿನ ತುದಿಯಲ್ಲಿ ನಿಂತ ಕೊನೆಯ ಹನಿ ಒಣಗುತ್ತದೆ ಮತ್ತು ಅದರಲ್ಲಿ ಕರಗಿದ್ದ ಲವಣ ಅಲ್ಲೇ ಉಳಿಯುತ್ತದೆ. ಮರುದಿನ ಮತ್ತೊಂದು ಹನಿ, ಮತ್ತೊಂದು ಪದರ. ಅದರ ಮೇಲೆ, ಕ್ಯಾಲ್ಸಿಯಂ ಲವಣಗಳು ಬರಿಯ ನೀರಿನಲ್ಲಿ ಕರಗುವಷ್ಟು ಮೆಥನಾಲ್ ಬೆರೆತ ನೀರಿನಲ್ಲಿ ಕರಗುವುದಿಲ್ಲ. ಆದ್ದರಿಂದ ಗಡಸು ನೀರಿಗೆ ಮೆಥನಾಲ್ ಬೆರೆಸಿದಾಗ ಕೆಲವೊಮ್ಮೆ ಕ್ಯಾನಿನಲ್ಲಿಯೇ ತೆಳು ಮಸುಕು ಕಾಣಿಸಿಕೊಳ್ಳುತ್ತದೆ.

ನೀರಿನಲ್ಲಿ ಕರಗಿರುವ ಲವಣದ ಪ್ರಮಾಣ ತೋರಿಸುವ ಟಿಡಿಎಸ್ ಮೀಟರ್ ಈಗ ಅಗ್ಗವಾಗಿ ಸಿಗುತ್ತದೆ, ಒಂದನ್ನು ಇಟ್ಟುಕೊಳ್ಳಿ. ನನ್ನ ಮೀಟರಿನಲ್ಲಿ ನಮ್ಮ ಕೊಳವೆಬಾವಿಯ ನೀರು 1,180 ತೋರಿಸಿತು, ನಾಣ್ಯ ಹಾಕಿ ಹಿಡಿಯುವ ಘಟಕದ ನೀರು 96 ಮತ್ತು ಬ್ಯಾಟರಿ ನೀರು 2. ಕುಡಿಯಲು 96 ಒಳ್ಳೆಯ ನೀರೇ. ನಾಜಲ್ಲಿಗೆ ಮಾತ್ರ ಅದು ಸಾಲದು, ಏಕೆಂದರೆ ಆರ್‌ಒ ಯಂತ್ರ ಲವಣವನ್ನು ಕಡಿಮೆ ಮಾಡುತ್ತದೆಯೇ ಹೊರತು ಪೂರ್ತಿ ತೆಗೆಯುವುದಿಲ್ಲ. ನೀರನ್ನು ಕುದಿಸಿ ಬಟ್ಟೆಯಲ್ಲಿ ಸೋಸಿದರೂ ಕರಗಿರುವ ಲವಣದ ಬಹುಪಾಲು ಹೋಗುವುದಿಲ್ಲ. ಏಸಿಯಿಂದ ತೊಟ್ಟಿಕ್ಕುವ ನೀರು ಮೀಟರಿನಲ್ಲಿ ಚೆನ್ನಾಗಿ ಕಂಡರೂ, ಅದರಲ್ಲಿ ಅಲ್ಯೂಮಿನಿಯಂ ರೆಕ್ಕೆಗಳ ಪುಡಿ, ದೂಳು ಮತ್ತು ಲೋಳೆ ಸೇರಿರುತ್ತವೆ. ನಾನು ಬಳಸುವುದು ಸೀಲ್ ಮಾಡಿದ ಕ್ಯಾನಿನಲ್ಲಿ ಬರುವ ಡಿಸ್ಟಿಲ್ಡ್ ಅಥವಾ ಡಿಮಿನರಲೈಸ್ಡ್ ನೀರು ಮಾತ್ರ, ಅಂದರೆ ಅಂಗಡಿಯಲ್ಲಿ ಬ್ಯಾಟರಿ ನೀರು ಎಂದು ಕೇಳಿದರೆ ಕೊಡುವ ನೀರು. ಪಕ್ಕದಲ್ಲೇ ಬ್ಯಾಟರಿ ಆಸಿಡ್ಡಿನ ಕ್ಯಾನೂ ಇರುತ್ತದೆ, ಲೇಬಲ್ ಓದಿಯೇ ತೆಗೆದುಕೊಳ್ಳಬೇಕು. ಗಾಜು ಒರೆಸಲು ಬರುವ ಬಣ್ಣದ ವಾಷರ್ ದ್ರವಗಳಲ್ಲಿ ಸೋಪು ಮತ್ತು ಬಣ್ಣ ಇರುವುದರಿಂದ ಅವನ್ನು ಈ ಟ್ಯಾಂಕಿಗೆ ಹಾಕಲೇಬಾರದು.

ಮೀಟರ್ ಹೇಳದ ಸಂಗತಿಯನ್ನು ಒಂದು ಕನ್ನಡಿ ಚೂರು ಹೇಳುತ್ತದೆ. ಚೆನ್ನಾಗಿ ಒರೆಸಿದ ಕನ್ನಡಿಯ ಮೇಲೆ ಬೆರೆಸಿದ ದ್ರವದ ಒಂದೇ ಹನಿಯನ್ನು ಬಿಟ್ಟು, ಹೊರಗೆ ಗಾಳಿಯಾಡುವ ನೆರಳಿನಲ್ಲಿ ಒಣಗಲು ಬಿಡಿ. ಹನಿ ಆರಿದ ಜಾಗದಲ್ಲಿ ಬಿಳಿಯ ಉಂಗುರವಾಗಲಿ ಎಣ್ಣೆಯಂತಹ ಕಲೆಯಾಗಲಿ ಉಳಿದರೆ ಆ ದ್ರವವನ್ನು ಬಳಸಬೇಡಿ. ಬಿಳಿ ಉಂಗುರವಿದ್ದರೆ ತಪ್ಪು ನೀರಿನದು. ಎಣ್ಣೆಯ ಕಲೆಯಿದ್ದರೆ ಬಹುಪಾಲು ಮೆಥನಾಲ್ ತುಂಬಿದ ಕ್ಯಾನಿನದು. ಕಾರಿನ ಬಳಿ ನಿಂತು ಮಾಡಬಹುದಾದ ಇಷ್ಟು ಸರಳ ಪರೀಕ್ಷೆಯನ್ನು ಯಾರೂ ಬಿಡಬಾರದೆಂಬುದು ನನ್ನ ಕೋರಿಕೆ.

ಮೆಥನಾಲ್ ಮುಟ್ಟುವ ಮುನ್ನ

2008ರ ಮೇ ತಿಂಗಳಿನಲ್ಲಿ ಕರ್ನಾಟಕ–ತಮಿಳುನಾಡು ಗಡಿಭಾಗದಲ್ಲಿ ಮೆಥನಾಲ್ ಬೆರೆತ ಸಾರಾಯಿ ಕುಡಿದು ನೂರಕ್ಕೂ ಹೆಚ್ಚು ಜನ ಸತ್ತದ್ದು ನಮ್ಮ ಭಾಗದವರಿಗೆ ನೆನಪಿದೆ. ನಾವು ಟ್ಯಾಂಕಿಗೆ ಸುರಿಯುವುದು ಅದೇ ವಿಷವನ್ನು. ಹತ್ತು ಮಿ.ಲೀ. ಹೊಟ್ಟೆಗೆ ಹೋದರೂ ಕಣ್ಣು ಹೋಗುವ ಅಪಾಯವಿದೆ. ಟ್ಯಾಂಕ್ ಖಾಲಿ ಮಾಡಲು ಪೈಪನ್ನು ಬಾಯಲ್ಲಿ ಎಳೆಯುವ ಅಭ್ಯಾಸ ನಮ್ಮ ಶೆಡ್ಡುಗಳಲ್ಲಿ ಇನ್ನೂ ಇದೆ, ಇಲ್ಲಿ ಅದನ್ನು ಯಾವ ಕಾರಣಕ್ಕೂ ಮಾಡಬಾರದು. ಕುಡಿಯುವ ನೀರಿನ ಬಾಟಲಿಯಲ್ಲಿ ಒಂದು ಗಂಟೆಯ ಮಟ್ಟಿಗೂ ತುಂಬಿಡಬೇಡಿ, ಕ್ಯಾನಿನ ಮೇಲೆ "ವಿಷ" ಎಂದು ಕನ್ನಡದಲ್ಲಿ ದಪ್ಪಗೆ ಬರೆದು ಬೀಗ ಹಾಕಿಡಿ. ಮೆಥನಾಲನ್ನು ಅಧಿಕೃತ ಪರವಾನಗಿ ಇರುವ ಮಾರಾಟಗಾರರಿಂದ ಬಿಲ್ಲಿನೊಂದಿಗೆ ಮಾತ್ರ ತನ್ನಿ. ಚರ್ಮದ ಮೂಲಕವೂ ಅದು ದೇಹಕ್ಕೆ ಇಳಿಯುತ್ತದೆ, ತೆಳುವಾದ ನೈಟ್ರೈಲ್ ಕೈಗವಸು ಹೆಚ್ಚು ಹೊತ್ತು ತಡೆಯುವುದಿಲ್ಲ. ಬ್ಯುಟೈಲ್ ರಬ್ಬರಿನ ಕೈಗವಸು ಉತ್ತಮ, ಕಣ್ಣಿಗೆ ಕನ್ನಡಕ ಬೇಕೇ ಬೇಕು. ಮೆಥನಾಲ್ ಉರಿದರೆ ಹಗಲಿನಲ್ಲಿ ಜ್ವಾಲೆ ಸರಿಯಾಗಿ ಕಾಣಿಸುವುದಿಲ್ಲ ಎಂಬುದೂ ನೆನಪಿರಲಿ.

ಇದೇ ಕಾರಣಕ್ಕೆ ನಾಜಲ್ ಪರೀಕ್ಷೆಗಳನ್ನೆಲ್ಲ ನಾನು ಬರಿಯ ಬ್ಯಾಟರಿ ನೀರಿನಿಂದ ಮಾಡುತ್ತೇನೆ. ಕೆಲಸಕ್ಕೆ ಇಳಿಯುವ ಮೊದಲು ಟ್ಯಾಂಕಿನ ದ್ರವವನ್ನು ಕೈಪಂಪಿನಿಂದ ಹೊರತೆಗೆದು, ಬ್ಯಾಟರಿ ನೀರು ಹಾಕಿ, ಪಂಪ್ ಓಡಿಸಿ ಲೈನನ್ನು ತೊಳೆಯಬೇಕು.

ಬಿಚ್ಚುವುದು ಮತ್ತು ತೊಳೆಯುವುದು

ಇಂಜಿನ್ ಪೂರ್ತಿ ತಣ್ಣಗಾಗಿರಬೇಕು. ಪಂಪಿನ ಫ್ಯೂಸ್ ತೆಗೆಯಿರಿ. ಪಂಪ್ ನಿಂತ ಮೇಲೂ ಲೈನಿನಲ್ಲಿ ಒತ್ತಡ ಉಳಿದಿರುತ್ತದೆ, ಆದ್ದರಿಂದ ಫಿಟಿಂಗಿಗೆ ದಪ್ಪ ಬಟ್ಟೆ ಸುತ್ತಿ, ಅದರ ಕಾಲರನ್ನು ನೇರವಾಗಿ ಒಳಕ್ಕೆ ಒತ್ತಿ ಹಿಡಿದು ನೈಲಾನ್ ಟ್ಯೂಬನ್ನು ಎಳೆಯಿರಿ. ಟ್ಯೂಬಿನ ತುದಿಯಲ್ಲಿ ಗೀರು ಬಿದ್ದಿದ್ದರೆ ಹರಿತವಾದ ಬ್ಲೇಡಿನಿಂದ ಐದು ಮಿಲಿಮೀಟರ್ ನೇರವಾಗಿ ಕತ್ತರಿಸಿ. ಓರೆಯಾಗಿ ಕತ್ತರಿಸಿದ ಟ್ಯೂಬ್ ಸೋರುತ್ತದೆ. ನಾಜಲ್ ದೇಹಕ್ಕೆ ಒಂದು ಸ್ಪ್ಯಾನರ್, ತುದಿಗೆ ಇನ್ನೊಂದು ಹಿಡಿದು ಸಡಿಲಿಸಿ. ಒಳಗಿನ ತುಂಡುಗಳು ಅಕ್ಕಿ ಕಾಳಿನಷ್ಟಿರುತ್ತವೆ, ಹಾಗಾಗಿ ಕೆಳಗೆ ಬಿಳಿಯ ತಟ್ಟೆಯಿಟ್ಟು, ಬಿಚ್ಚಿದ ಕ್ರಮದಲ್ಲೇ ಸಾಲಾಗಿಟ್ಟು ಮೊಬೈಲಿನಲ್ಲಿ ಒಂದು ಚಿತ್ರ ತೆಗೆದುಕೊಳ್ಳಿ.

ತೊಳೆಯುವ ಮೊದಲು ಕಲ್ಮಶದ ಬಣ್ಣ ನೋಡಬೇಕು. ಬಿಳಿಯ, ಉಗುರಿಗೆ ಒರಟಾಗಿ ಸಿಗುವ ಪೊರೆ ನೀರಿನ ಲವಣ. ಕಪ್ಪು ಅಥವಾ ಕಂದು ಬಣ್ಣದ ಅಂಟು, ಇಂಜಿನ್ನಿನ ಉಸಿರುಕೊಳವೆಯಿಂದ ಬಂದ ಎಣ್ಣೆಯ ಆವಿ ಶಾಖಕ್ಕೆ ಗಟ್ಟಿಯಾದದ್ದು. ಬಿಳಿಯ ಜೆಲ್ಲಿಯಂತಹ ವಸ್ತು ಕಂಡರೆ, ಲೈನಿನಲ್ಲಿ ಎಲ್ಲೋ ಅಲ್ಯೂಮಿನಿಯಂ ಭಾಗವೊಂದನ್ನು ದ್ರವ ತಿನ್ನುತ್ತಿದೆ ಎಂದು ತಿಳಿದು ಆ ಭಾಗವನ್ನೇ ಬದಲಿಸಬೇಕು. ಜಾಲರಿಯಲ್ಲಿ ಬಿಳಿಯ ದಾರದಂತಹ ಚೂರುಗಳಿದ್ದರೆ ಅದು ಟೆಫ್ಲಾನ್ ಟೇಪು, ಅದನ್ನು ಒಳಗೆ ಬಿಟ್ಟವರು ನಾವೇ.

ಲವಣಕ್ಕೆ ಬಿಳಿ ವಿನಿಗರ್ ಸಾಕು. ಕಿರಾಣಿ ಅಂಗಡಿಯ ನಿಂಬೆ ಉಪ್ಪನ್ನು ಒಂದು ಲೋಟ ಬೆಚ್ಚಗಿನ ಬ್ಯಾಟರಿ ನೀರಿಗೆ ಒಂದು ಟೀ ಚಮಚದಂತೆ ಕರಗಿಸಿಯೂ ಬಳಸಬಹುದು. ರಬ್ಬರ್ ಓರಿಂಗ್ ತೆಗೆದಿಟ್ಟು, ಲೋಹದ ತುಂಡುಗಳನ್ನು ಮುಳುಗಿಸಿದರೆ ಪೊರೆಯಿಂದ ಸಣ್ಣ ಗುಳ್ಳೆಗಳು ಏಳುತ್ತವೆ. ಗುಳ್ಳೆ ನಿಂತರೆ, ಇಲ್ಲವೇ ಅರ್ಧ ಗಂಟೆಯಾದರೆ, ಹೊರತೆಗೆದು ಮೆತ್ತನೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ. ರಾತ್ರಿಯಿಡೀ ನೆನೆಹಾಕಿದರೆ ಹಿತ್ತಾಳೆಯೇ ಕೆಂಪಾಗತೊಡಗುತ್ತದೆ. ಬಚ್ಚಲು ತೊಳೆಯುವ ಆಸಿಡ್ಡನ್ನು ಹತ್ತಿರ ತರಬೇಡಿ. ಅದು ಪೊರೆಯನ್ನು ಕ್ಷಣದಲ್ಲಿ ತೆಗೆಯುತ್ತದೆ, ಹಾಗೆಯೇ ನಿಕ್ಕಲ್ ಲೇಪವನ್ನೂ ಹಿತ್ತಾಳೆಯೊಳಗಿನ ಸತುವನ್ನೂ ತಿಂದುಹಾಕುತ್ತದೆ. ಕಪ್ಪು ಅಂಟಿಗೆ ಕಾರ್ಬ್ಯುರೇಟರ್ ಕ್ಲೀನರ್ ಬೇಕು, ಅದು ಪ್ಲಾಸ್ಟಿಕ್ಕಿಗೂ ರಬ್ಬರಿಗೂ ತಾಗಬಾರದು. ಎರಡೂ ಬಗೆಯ ಕಲ್ಮಶ ಇದ್ದರೆ ಮೊದಲು ಎಣ್ಣೆಯಂಟನ್ನು ತೆಗೆದು ಒಣಗಿಸಿ, ಅನಂತರ ವಿನಿಗರಿನಲ್ಲಿ ನೆನೆಸಿ. ಎಣ್ಣೆ ಮೆತ್ತಿದ ಪೊರೆಗೆ ಹುಳಿ ತಾಗುವುದಿಲ್ಲ.

ರಂಧ್ರದೊಳಗೆ ಸೂಜಿ, ಗುಂಡುಪಿನ್ನು, ತಂತಿ ಯಾವುದನ್ನೂ ತೂರಿಸಬೇಡಿ. ರಂಧ್ರದ ಅಂಚು ಕೂದಲೆಳೆಯಷ್ಟು ಗೀರಿದರೂ ಸಿಂಪಡಣೆ ಒಂದು ಪಕ್ಕಕ್ಕೆ ಓಡುತ್ತದೆ, ಮತ್ತೆ ಅದನ್ನು ಸರಿಪಡಿಸಲು ಬರುವುದಿಲ್ಲ. ಕಂಪ್ರೆಸರ್ ಗಾಳಿಯನ್ನು ತುದಿಯ ಕಡೆಯಿಂದ ಒಳಮುಖವಾಗಿ, ಅಂದರೆ ದ್ರವ ಹರಿಯುವ ದಿಕ್ಕಿಗೆ ಎದುರಾಗಿ ಊದಬೇಕು. ಇಷ್ಟಕ್ಕೂ ಬಿಡದ ಕಲ್ಮಶಕ್ಕೆ, ಆಭರಣದ ಅಂಗಡಿಗಳಲ್ಲಿ ಒಡವೆ ತೊಳೆಯಲು ಇಟ್ಟುಕೊಂಡಿರುವಂತಹ ಅಲ್ಟ್ರಾಸಾನಿಕ್ ಯಂತ್ರದಲ್ಲಿ ಬರಿಯ ನೀರು ಹಾಕಿ ಐದು ನಿಮಿಷ ಓಡಿಸಿದರೆ ಒಳಗಿನ ಗೀರುಗಳೂ ಸ್ವಚ್ಛವಾಗುತ್ತವೆ. ಕೊನೆಯ ತೊಳೆತ ಯಾವಾಗಲೂ ಬ್ಯಾಟರಿ ನೀರಿನಲ್ಲೇ ಆಗಬೇಕು. ನಲ್ಲಿ ನೀರಿನಲ್ಲಿ ತೊಳೆದು ಒಣಗಿಸಿದರೆ ಮೊದಲಿನ ಕಥೆಯೇ ಮತ್ತೆ ಶುರುವಾಗುತ್ತದೆ.

ಅಳೆಯುವುದು

ತೊಳೆದ ನಾಜಲ್ಲನ್ನು ಟ್ಯೂಬಿಗೆ ಜೋಡಿಸಿ, ಇಂಜಿನ್ನಿಗೆ ಕೂರಿಸದೆ, ಅಗಲ ಬಾಯಿಯ ಗಾಜಿನ ಜಾಡಿಯೊಳಗೆ ಹಿಡಿಯಿರಿ. ಹಿಂದೆ ಒಂದು ಕಪ್ಪು ರಟ್ಟು ಇಟ್ಟರೆ ಸಿಂಪಡಣೆ ಚೆನ್ನಾಗಿ ಕಾಣುತ್ತದೆ. ಕಂಟ್ರೋಲರಿನ ಪರೀಕ್ಷಾ ಗುಂಡಿಯಿಂದ ಪಂಪನ್ನು ಹತ್ತು ಸೆಕೆಂಡ್ ಓಡಿಸಿ ಗಾಳಿಯನ್ನು ಹೊರಹಾಕಿ. ಸರಿಯಾದ ಸಿಂಪಡಣೆ ಎಲ್ಲ ಕಡೆಗೂ ಸಮವಾಗಿ ಹರಡಿದ ಮಂಜಿನ ಕೊಡೆಯಂತಿರುತ್ತದೆ. ನಡುವೆ ನೀರಿನ ಗೆರೆಗಳು ಕಂಡರೆ ಅಥವಾ ಒಂದು ಪಾರ್ಶ್ವ ಬರಿದಾಗಿದ್ದರೆ ಇನ್ನೂ ಕಲ್ಮಶವಿದೆ ಎಂದರ್ಥ.

ಅನಂತರ ಜಾಡಿ ಖಾಲಿ ಮಾಡಿ, ಸರಿಯಾಗಿ 30 ಸೆಕೆಂಡ್ ಓಡಿಸಿ, ಬಂದ ನೀರನ್ನು ಅಳತೆಯ ಸಿಲಿಂಡರಿಗೆ ಸುರಿದು ಎರಡರಿಂದ ಗುಣಿಸಿ. ಮೂರು ಸಲ ಮಾಡಿ ಸರಾಸರಿ ಹಿಡಿಯಿರಿ. ಇಲ್ಲಿ ಎರಡು ಕಡೆ ಎಡವುವುದುಂಟು. ಇಂಜಿನ್ ನಿಂತಿರುವಾಗ ಬ್ಯಾಟರಿ 12 ವೋಲ್ಟಿನ ಆಸುಪಾಸಿನಲ್ಲಿರುತ್ತದೆ, ಓಡುವಾಗ ಸುಮಾರು 14 ವೋಲ್ಟ್ ಇರುತ್ತದೆ. ಪಂಪಿನ ಒತ್ತಡ ಅದಕ್ಕೆ ತಕ್ಕಂತೆ ಬದಲಾಗುವುದರಿಂದ ಲೈನಿಗೊಂದು ಒತ್ತಡದ ಗೇಜ್ ಹಾಕಿ, ಪ್ರತಿ ಸಲವೂ ಒಂದೇ ಸ್ಥಿತಿಯಲ್ಲಿ ಅಳೆಯಬೇಕು. ಎರಡನೆಯದಾಗಿ, ನಾಜಲ್ಲಿನ ಮೇಲೆ ಬರೆದಿರುವ ಪ್ರಮಾಣ ಯಾವ ಒತ್ತಡದ್ದೆಂದು ನೋಡಿಕೊಳ್ಳಬೇಕು. ಹರಿವು ಒತ್ತಡದ ವರ್ಗಮೂಲದಂತೆ ಏರುತ್ತದೆ: 100 ಪಿಎಸ್‌ಐ (ಒತ್ತಡದ ಅಳತೆ) ಒತ್ತಡದಲ್ಲಿ 225 ಮಿ.ಲೀ. ಕೊಡುವ ನಾಜಲ್ 150 ಪಿಎಸ್‌ಐನಲ್ಲಿ ಸುಮಾರು 275 ಮಿ.ಲೀ. ಕೊಡುತ್ತದೆ, ಒತ್ತಡ ನಾಲ್ಕು ಪಟ್ಟಾದರೂ ಹರಿವು ಎರಡು ಪಟ್ಟು ಮಾತ್ರ. ನಾಜಲ್ ಕಟ್ಟಿದೆಯೆಂದು ಪಂಪಿನ ಒತ್ತಡವನ್ನು ಏರಿಸುವವರಿಗೆ ಈ ಲೆಕ್ಕವೇ ಉತ್ತರ.

ಗೇಜ್ ಮತ್ತು ಸಿಲಿಂಡರ್ ಎರಡನ್ನೂ ಒಟ್ಟಿಗೆ ಓದಿದರೆ ದೋಷ ಎಲ್ಲಿದೆಯೆಂದು ತಿಳಿಯುತ್ತದೆ. ಒತ್ತಡ ಸರಿಯಿದ್ದು ಅಥವಾ ಹೆಚ್ಚಾಗಿದ್ದು ಹರಿವು ಕಡಿಮೆಯಿದ್ದರೆ ನಾಜಲ್ ಕಟ್ಟಿದೆ. ಎರಡೂ ಕಡಿಮೆಯಿದ್ದರೆ ಪಂಪನ್ನೋ ಟ್ಯಾಂಕಿನ ಬಳಿಯ ಫಿಲ್ಟರನ್ನೋ ನೋಡಬೇಕು. ಹೊಸದರಲ್ಲಿ ಬರುತ್ತಿದ್ದುದಕ್ಕಿಂತ ಹರಿವು ನೂರಕ್ಕೆ ಹತ್ತರಷ್ಟು ಹೆಚ್ಚಾಗಿದ್ದರೆ ರಂಧ್ರ ಸವೆದಿದೆ, ಅದನ್ನು ಬದಲಿಸಬೇಕು. ತೋಟದ ಸ್ಪ್ರೇಯರಿನ ನಾಜಲ್‌ಗಳಿಗೂ ಇದೇ ಹತ್ತರ ಲೆಕ್ಕ ಬಳಕೆಯಲ್ಲಿದೆ. ಎರಡು ನಾಜಲ್ ಇರುವ ಕಾರಿನಲ್ಲಿ ಒಂದೊಂದನ್ನೂ ಬೇರೆಬೇರೆಯಾಗಿ ಅಳೆಯಿರಿ. ಒಂದು ಪೂರ್ತಿ ಮುಚ್ಚಿದ್ದರೂ ಇನ್ನೊಂದು ಚೆನ್ನಾಗಿ ಸಿಂಪಡಿಸುತ್ತ ಎಲ್ಲ ಸರಿಯಿದೆ ಎಂಬ ಭ್ರಮೆ ಹುಟ್ಟಿಸುತ್ತದೆ.

ಮರಳಿ ಕೂರಿಸುವಾಗ

ಪಂಪ್ ನಿಲ್ಲಿಸಿದ ಮೇಲೆ ನಾಜಲ್ ಒಂದೆರಡು ಸೆಕೆಂಡಿನಲ್ಲಿ ತೊಟ್ಟಿಕ್ಕುವುದನ್ನು ನಿಲ್ಲಿಸಬೇಕು. ನಿಲ್ಲದಿದ್ದರೆ ನಾಜಲ್ಲಿನ ಹಿಂದಿರುವ ಎನ್‌ಆರ್‌ವಿ (ದ್ರವವನ್ನು ಒಂದೇ ದಿಕ್ಕಿಗೆ ಬಿಡುವ ವಾಲ್ವ್) ಹಾಳಾಗಿದೆ. ಇದನ್ನು ಹಗುರವಾಗಿ ಕಾಣಬಾರದು. ಥ್ರಾಟಲ್ ಮತ್ತು ಬ್ಲೋವರ್ ನಡುವೆ ನಾಜಲ್ ಇರುವ ಕಾರುಗಳಲ್ಲಿ ಆಕ್ಸಿಲರೇಟರಿನಿಂದ ಕಾಲು ತೆಗೆದೊಡನೆ ಆ ಜಾಗದಲ್ಲಿ ನಿರ್ವಾತ ಉಂಟಾಗುತ್ತದೆ, ಅದು ಟ್ಯಾಂಕಿನಿಂದ ದ್ರವವನ್ನು ತಾನಾಗಿ ಎಳೆಯುತ್ತದೆ. ಟ್ಯಾಂಕ್ ನಾಜಲ್ಲಿಗಿಂತ ಎತ್ತರದಲ್ಲಿದ್ದರೆ ನಿಂತ ಕಾರಿನಲ್ಲೂ ದ್ರವ ಇಳಿದು ಸಿಲಿಂಡರಿನಲ್ಲಿ ನಿಲ್ಲಬಹುದು, ಆಗ ಸ್ಟಾರ್ಟರ್ ತಿರುಗಿಸಿದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ನಿರ್ವಾತ ಎಷ್ಟೇ ಬಲವಾಗಿದ್ದರೂ ಒಂದು ಬಾರ್ ಮೀರುವುದಿಲ್ಲವಾದ್ದರಿಂದ ಅದಕ್ಕಿಂತ ಹೆಚ್ಚಿನ ಒತ್ತಡಕ್ಕೆ ಮಾತ್ರ ತೆರೆಯುವ ಎನ್‌ಆರ್‌ವಿ ಅಥವಾ ವಿದ್ಯುತ್ತಿನಿಂದ ತೆರೆಯುವ ಸೊಲೆನಾಯ್ಡ್ ವಾಲ್ವ್ ಇರಲೇಬೇಕು.

ಓರಿಂಗ್ ಇಪಿಡಿಎಂ ರಬ್ಬರಿನದಾಗಿರಲಿ. ಪೆಟ್ರೋಲಿಗೆ ಬಳಸುವ ಸಾಮಾನ್ಯ ವಿಟಾನ್ ರಬ್ಬರ್ ಮೆಥನಾಲಿನಲ್ಲಿ ಉಬ್ಬುತ್ತದೆ. ಇಪಿಡಿಎಂ ಎಣ್ಣೆಗೆ ಕೆಡುವುದರಿಂದ ಅದಕ್ಕೆ ಸಿಲಿಕೋನ್ ಗ್ರೀಸ್ ಮಾತ್ರ ಸವರಿ. ಮರೆಗಳಿಗೆ (ತಿರುಪಿನ ಸುತ್ತುಗಳಿಗೆ) ಟೇಪಿನ ಬದಲು ಮೆಥನಾಲ್ ತಡೆಯುವ ದ್ರವ ಸೀಲೆಂಟ್ ಹಚ್ಚಿ, ಮೊದಲ ಎರಡು ಮರೆಗಳನ್ನು ಬಿಟ್ಟುಬಿಡಿ. ಕೈಯಲ್ಲಿ ಬಿಗಿಯಾದಷ್ಟು ತಿರುಗಿಸಿ, ಮೇಲೆ ಸ್ಪ್ಯಾನರಿನಿಂದ ಒಂದು ಸುತ್ತು ಸಾಕು. ಅಲ್ಯೂಮಿನಿಯಂ ಪೈಪಿನಲ್ಲಿ ಇನ್ನೂ ಹಿತವಾದ ಕೈ ಬೇಕು.

ನನ್ನ ಲೆಕ್ಕದಲ್ಲಿ ಟ್ಯಾಂಕ್ ತುಂಬುವಾಗಲೆಲ್ಲ ಫಿಲ್ಟರ್ ನೋಡುವುದು, ಮೂರು ತಿಂಗಳಿಗೊಮ್ಮೆ ಹಾಗೂ ಪ್ರತಿ ಟ್ರ್ಯಾಕ್ ದಿನದ ಮೊದಲು ಹರಿವು ಅಳೆಯುವುದು, ಹೊಸ ನಾಜಲ್ ಹಾಕಿದ ದಿನವೇ ಅದರ ಅಳತೆಯನ್ನು ಬರೆದಿಡುವುದು ಸಾಕಾಗುತ್ತದೆ. ಹಳೆಯ ಅಳತೆಗಿಂತ ನೂರಕ್ಕೆ ಹತ್ತರಷ್ಟು ಇಳಿದರೆ ಬಿಚ್ಚಿ ತೊಳೆಯುತ್ತೇನೆ. ಕಾರನ್ನು ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ಟ್ಯಾಂಕಿನ ದ್ರವವನ್ನು ತೆಗೆದು, ಬ್ಯಾಟರಿ ನೀರನ್ನು ಅರ್ಧ ನಿಮಿಷ ಜಾಡಿಗೆ ಸಿಂಪಡಿಸಿ, ಲೈನನ್ನು ಊದಿ ಒಣಗಿಸಿ. ಇಂತಹ ಅಳವಡಿಕೆ ಇರುವ ಕಾರನ್ನು ಸಾರ್ವಜನಿಕ ರಸ್ತೆಗೆ ಇಳಿಸುವವರು 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನಡಿ ವಾಹನದ ಮಾರ್ಪಾಡಿಗೆ ಸಂಬಂಧಿಸಿದ ನಿಯಮಗಳನ್ನು ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿಕೊಳ್ಳಬೇಕು.

ನಾಜಲ್ ಕೂರಿಸಿದ ಮೇಲೆ ಮೊದಲ ಓಟದಲ್ಲಿ ಪೂರ್ತಿ ಬೂಸ್ಟ್ ಎಳೆಯದೆ, ಒಳಬರುವ ಗಾಳಿಯ ತಾಪವನ್ನು ಸ್ಕ್ಯಾನರಿನಲ್ಲಿ ನೋಡುತ್ತಾ ಅರ್ಧ ಬೂಸ್ಟಿನವರೆಗೆ ಮಾತ್ರ ಹೋಗಿ. ಸಿಂಪಡಣೆ ಶುರುವಾದೊಡನೆ ತಾಪದ ಏರಿಕೆ ನಿಂತು ಕೆಳಗೆ ಬಾಗಬೇಕು. ನಾಜಲ್ಲಿನ ಆಚೆ ಸೆನ್ಸರ್ ಇರುವ ಕಾರಿನಲ್ಲಿ ಇದು ಸ್ಪಷ್ಟವಾಗಿ ಕಾಣುತ್ತದೆ. ಸೆನ್ಸರ್ ನಾಜಲ್ಲಿಗಿಂತ ಮೊದಲೇ ಇದ್ದರೆ ಈ ಅಂಕಿಯನ್ನು ನಂಬುವಂತಿಲ್ಲ, ಹಿಂತಿರುಗಿ ಬಂದು ಇಂಜಿನ್ ತಣಿದ ಮೇಲೆ ಫಿಟಿಂಗಿನ ಸುತ್ತ ಒಣ ಕಾಗದವನ್ನು ಒತ್ತಿ ಸೋರಿಕೆ ನೋಡಿ, ಟ್ಯಾಂಕಿನಲ್ಲಿ ಎಷ್ಟು ದ್ರವ ಇಳಿದಿದೆಯೆಂದು ಅಳೆದು ಬರೆದಿಟ್ಟುಕೊಳ್ಳಿ.